ನಸುಗುನ್ನಿಯ ಎಡಗೈ

ನಸುಗುನ್ನಿ ಎಂದರೆ ಸಾಕು, ಊರಿನಲ್ಲಿ ಬೆಳೆದ ನಮ್ಮಂಥವರಿಗೆ ಈಗಲೂ ಕತ್ತಿನ ಹಿಂದೆ ತುರಿಸಿದಂತಾಗುತ್ತದೆ. ಬೇಲಿಯಲ್ಲಿ ಜೋತುಬೀಳುವ ಆ ಕಂದು ಕಾಯಿಯ ರೋಮ ಮೈಗೆ ತಾಗಿದರೆ ಆಮೇಲೆ ಕೇಳುವುದೇ ಬೇಡ. ಬೊರಿವಲಿಗೆ ಬಂದ ಮೇಲೆ ಆ ಕಾಟ ತಪ್ಪಿತೆಂದುಕೊಂಡರೆ, ನಮ್ಮ ನ್ಯಾಶನಲ್ ಪಾರ್ಕಿನ ಕಾಡಿನಲ್ಲೂ ಅದೇ ಬಳ್ಳಿ! ಮರಾಠಿಯವರು ಖಾಜಕುಯಿಲಿ ಎನ್ನುತ್ತಾರೆ.

ಇದರ ಬೀಜ ನಮ್ಮ ಮನೆ ಹೊಕ್ಕದ್ದು ಮಾವನವರ ಕೈನಡುಕದ ದೆಸೆಯಿಂದ. ಊರಿಗೆ ಅವರು ಬರೆಯುವ ಕಾಗದದ ಅಕ್ಷರ ಸಣ್ಣದಾಗುತ್ತ ಆಗುತ್ತ ಇರುವೆ ಸಾಲಿನಂತಾದಾಗ, ಡಾಕ್ಟರು ಪಾರ್ಕಿನ್‌ಸನ್ ಕಾಯಿಲೆ ಎಂದು ಹೇಳಿ ಲೆವೊಡೋಪಾ ಗುಳಿಗೆ ಬರೆದುಕೊಟ್ಟರು. ಸುದ್ದಿ ಮುಟ್ಟಿದ್ದೇ ತಡ, ಊರಿನಿಂದ ಚಿಕ್ಕಮಾವ ನಸುಗುನ್ನಿ ಬೀಜದ ಪುಡಿ ಕಟ್ಟಿ ಕಳಿಸಿದರು. "ಗುಳಿಗೆಯಲ್ಲಿರುವುದೂ ಇದೇ. ಆ ಕಂಪನಿ ಮದ್ದು ಬಿಟ್ಟುಬಿಡಿ, ಅಣ್ಣ." ಮಾವನವರಿಗೂ ಅದೇ ಮನಸ್ಸು.

ಚಿಕ್ಕಮಾವ ಹೇಳಿದ್ದು ಸುಳ್ಳಲ್ಲ. 1937ರಲ್ಲೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಈ ಬೀಜದಿಂದ ಡೋಪಾ ಬೇರ್ಪಡಿಸಿದ್ದರು. 1978ರಲ್ಲಿ ಮುಂಬಯಿಯ ವೈದ್ಯರೇ ಇದನ್ನು ಪಾರ್ಕಿನ್‌ಸನ್ ರೋಗಿಗಳಿಗೆ ಕೊಟ್ಟು ನೋಡಿ ವರದಿ ಮಾಡಿದರು.

ಸ್ವಾರಸ್ಯ ಇರುವುದು ಇನ್ನೊಂದು ಕಡೆ. ಡೋಪಾದ ಅಣುವಿಗೆ ಎಡಗೈ ಬಲಗೈಗಳ ಹಾಗೆ ಎರಡು ರೂಪ. ಅಳತೆ ಒಂದೇ; ಆದರೆ ಬಲಗಾಲಿನ ಚಪ್ಪಲಿ ಎಡಗಾಲಿಗೆ ಹೊಂದೀತೆ? ಮೆದುಳಿಗೆ ಒದಗುವುದು ಎಡಗೈಯದು ಮಾತ್ರ. ಬಳ್ಳಿ ಅದೊಂದನ್ನೇ ಮಾಡುತ್ತದೆ. ಪ್ರಯೋಗಶಾಲೆಯಲ್ಲಿ ಸಾಮಾನ್ಯ ರೀತಿಯಲ್ಲಿ ತಯಾರಿಸಿದರೆ ಎರಡೂ ಸಮಸಮ. 1967ರಲ್ಲಿ ಅಮೆರಿಕದ ಕೋಟ್ಜಿಯಾಸ್ ಆ ಬೆರಕೆಯನ್ನೇ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡದ್ದು ನಿಜ, ಆದರೆ ಕೆಲವರ ರಕ್ತದ ಬಿಳಿಕಣ ಕುಸಿಯಿತು. ಆಮೇಲೆ ಎಡಗೈಯದನ್ನಷ್ಟೇ ಕೊಡತೊಡಗಿದರು.

ಅರ್ಧ ಮಾಲು ವ್ಯರ್ಥವಾಗದಂತೆ ಬೇಕಾದ ಕೈಯನ್ನೇ ಹುಟ್ಟಿಸುವುದು ಹೇಗೆ? ಮೊನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್ ರೋಡಿಯಂ ಲೋಹಕ್ಕೆ, ತಾನೂ ಒಂದೇ ಕೈಯದಾದ ರಂಜಕದ ಸಂಯುಕ್ತವೊಂದನ್ನು ಜೋಡಿಸಿದರು. ಜಲಜನಕವು ಅಣುವಿನ ಒಂದೇ ಮಗ್ಗುಲಿನಿಂದ ಬಂದು ಸೇರುವಂತೆ ಅದು ನೋಡಿಕೊಳ್ಳುತ್ತದೆ. ಪ್ಲಾಟ್‌ಫಾರಂ ಇರುವ ಮಗ್ಗುಲಿನಿಂದಲೇ ಜನ ಗಾಡಿ ಹತ್ತುವ ಹಾಗೆ ಅನ್ನಿ. (ಹಳಿ ದಾಟಿ ಆಚೆಯಿಂದ ಹತ್ತುವ ಪುಣ್ಯಾತ್ಮರೂ ಇದ್ದಾರೆ; ಇಲ್ಲಿಯೂ ನೂರಕ್ಕೆ ಎರಡು ಮೂರು ಹಾಗೆ ತಪ್ಪಿಹೋಗುತ್ತವೆ.) ಇಂಥ ಕ್ರಿಯೆಗಳಿಗೆ ಸ್ಟೀರಿಯೊಸೆಲೆಕ್ಟಿವ್ ಎಂದು ಹೆಸರು. 2001ರ ನೊಬೆಲ್‌ನಲ್ಲಿ ನೋಲ್ಸ್‌ಗೂ ಪಾಲು ಸಿಕ್ಕಿತು.

ಡಾಕ್ಟರು ಪುಡಿಯನ್ನು ಹಳಿಯಲಿಲ್ಲ. ಆದರೆ ಬೀಜದಿಂದ ಬೀಜಕ್ಕೆ ಡೋಪಾದ ಅಂಶ ಬೇರೆ. ಗುಳಿಗೆಯಲ್ಲಾದರೆ ಅಳತೆ ಖಚಿತ, ಜೊತೆಗೆ ಅದು ಮೆದುಳು ಮುಟ್ಟುವ ಮೊದಲೇ ದಾರಿಯಲ್ಲಿ ಖರ್ಚಾಗದಂತೆ ತಡೆಯುವ ಕಾರ್ಬಿಡೋಪಾ ಇದೆ ಎಂದರು. ಎರಡನ್ನೂ ಕೂಡಿಸಿ ತಿಂದರೆ ಪ್ರಮಾಣ ಮೀರೀತು; ಗುಳಿಗೆಯನ್ನು ತಟ್ಟನೆ ನಿಲ್ಲಿಸಿದರೆ ಮೈ ಮರದಂತೆ ಬಿಗಿದು ಪ್ರಾಣಕ್ಕೇ ಸಂಚಕಾರ ಬಂದೀತು.

ಮಾವನವರು ಎರಡು ದಿನ ನಮ್ಮೊಡನೆ ಮಾತು ಬಿಟ್ಟರು. ಊರಿನ ಮದ್ದು ಬೇಡವೆಂದರೆ ಅವರಿಗೆ ಊರನ್ನೇ ಬೇಡವೆಂದ ಹಾಗೆ. ನಾವು ಈ ಎಡಗೈ ಬಲಗೈ ಕತೆ ತೆಗೆದೆವು. ಗುಳಿಗೆಯಲ್ಲಿರುವುದು ನಸುಗುನ್ನಿಯ ಕೈಯೇ ಮಾವ, ಅದನ್ನು ಕಲಿಯಲು ಕಾರ್ಖಾನೆಯವರಿಗೆ ಇಷ್ಟು ವರ್ಷ ಹಿಡಿಯಿತು ಎಂದೆವು.

"ಹಾಗಾದರೆ ಬಳ್ಳಿಗೆ ಯಾಕೆ ನೊಬೆಲ್ ಕೊಡಲಿಲ್ಲ?" ಎಂದರು.

ಮೂರನೆಯ ಬೆಳಿಗ್ಗೆ ಗುಳಿಗೆ ನುಂಗಿ, ಮುಕ್ಕಾಲು ಗಂಟೆ ಬಿಟ್ಟು ಚಿಕ್ಕಮಾವನಿಗೆ ಕಾಗದ ಬರೆಯಲು ಕೂತರು. ವಿಳಾಸ ಮಾತ್ರ ನಮ್ಮ ಕೈಯಲ್ಲಿ ಬರೆಸಿದರು.