ಟ್ರಂಕಿನ ತಳದ ಇನ್‌ಲ್ಯಾಂಡ್

1983ರಲ್ಲಿ ಅಮ್ಮನಿಗೆ ಕಾಯಿಲೆಯಾದಾಗ ಮನೆಯಲ್ಲಿ ಯಾರೂ ಕ್ಯಾನ್ಸರ್ ಎನ್ನಲಿಲ್ಲ. ಅಜ್ಜಿಯ ಬಾಯಲ್ಲಿ ಅದು 'ಎದೆಗಂಟು'. ಹರಳೆಲೆ ಬಾಡಿಸಿ, ಅರಿಶಿನ ಸವರಿ ಕಟ್ಟುತ್ತಿದ್ದರು; ನಡುಮನೆಯೆಲ್ಲ ಅದರದೇ ಕಮಟು. ನನಗಾಗ 26. ರೋಗ ಬಟ್ಟೆಯಿಂದ ಅಂಟುತ್ತದೆಂದು ನಂಬಿ, ಅಮ್ಮನ ಸೀರೆಗಳನ್ನು ಬಚ್ಚಲ ಹಂಡೆಯ ಬಿಸಿನೀರಲ್ಲಿ ಬೇರೆಯಾಗಿ ನೆನೆಹಾಕುತ್ತಿದ್ದೆ. ನೆನೆಸಿಕೊಂಡರೆ ಈಗ ಸಣ್ಣಗೆ ನಗು ಬರುತ್ತದೆ.

ಬೆಂಗಳೂರಿನಲ್ಲಿ ಡಾಕ್ಟರು, "ತಾಯಿ ಕಡೆ ಇನ್ಯಾರಿಗಾದರೂ ಇತ್ತಾ ಅಮ್ಮಾ?" ಎಂದರು. ಅಮ್ಮ "ಇಲ್ಲ" ಎಂದಳು. ನಾನೂ ಸುಮ್ಮನಿದ್ದೆ. ಎರಡು ವರ್ಷ ಮೊದಲು ಮೈಸೂರಿನ ದೊಡ್ಡಮ್ಮನ ಕಾಗದ ಬಂದಿತ್ತು. 15 ಪೈಸೆಯ ಕಾರ್ಡಾದರೆ ಅಂಚೆಯವನೂ ಓದಿಬಿಡುತ್ತಾನೆಂದು ಇನ್‌ಲ್ಯಾಂಡಿನಲ್ಲಿ ಬರೆದು, ಅನ್ನದ ಅಗುಳಿನಿಂದ ಇನ್ನೊಮ್ಮೆ ಅಂಟಿಸಿದ್ದಳು: ನನಗೂ ಗಂಟಾಗಿದೆ, ಹುಡುಗಿಗೆ ಗಂಡು ನೋಡುತ್ತಿದ್ದೇವೆ, ಯಾರಿಗೂ ಹೇಳಬೇಡ.

2016ರಲ್ಲಿ ತಂಗಿಗೆ ಬಂತು. ಅಷ್ಟರಲ್ಲಿ, ಕೆಟ್ಟರೆ ಈ ಕಾಯಿಲೆಯ ಅಪಾಯ ಹೆಚ್ಚಿಸುವ ಜೀನ್‌ಗಳು, 1994ರಲ್ಲಿ ಬಿಆರ್‌ಸಿಎ1, ಮರುವರ್ಷ ಬಿಆರ್‌ಸಿಎ2, ಪತ್ತೆಯಾಗಿ, ಅವುಗಳ ಪರೀಕ್ಷೆ ನಮ್ಮ ಊರಿಗೂ ಬಂದಿತ್ತು. 25,000 ರೂಪಾಯಿ ಕಟ್ಟಿದೆವು. ಬಿಆರ್‌ಸಿಎ2ನಲ್ಲಿ ಒಂದು ಅಕ್ಷರ ಬದಲಾಗಿದೆ, ಅದರ ಅರ್ಥ ಅನಿಶ್ಚಿತ ಎಂದು ವರದಿ ಬಂತು. ತಂಗಿಯ ಮಗಳು ರಾತ್ರಿ ಫೋನ್ ಮಾಡಿ, "ದೊಡ್ಡಮ್ಮ, ನಾನು ಮೊದಲೇ ಆಪರೇಷನ್ ಮಾಡಿಸಿಕೊಂಡುಬಿಡಲಾ?" ಎಂದಳು.

ಜೆನೆಟಿಕ್ ಕೌನ್ಸೆಲರ್ ಹುಡುಗಿ ನಿಧಾನವಾಗಿ ಬಿಡಿಸಿ ಹೇಳಿದಳು. ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರಪಾಯ, ನಿರಪಾಯ ಎಂದು ಐದು ಮೆಟ್ಟಿಲು, ನಮ್ಮದು ನಟ್ಟನಡುವಿನದು. ಆ ಜೀನಿನಿಂದಾಗುವ, 3,418 ಮಣಿಗಳ ಸರದಂಥ ಪ್ರೋಟೀನಿನಲ್ಲಿ ಒಂದು ಮಣಿ ಬೇರೆ. ಹೋಗ್ತೀನಿ ಎನ್ನುವುದನ್ನು ಧಾರವಾಡದವರು ಹೋಗ್ತೇನಿ ಎಂದ ಹಾಗೆಯೋ, ಹಾಲು ಹೋಗಿ ಹಾಳು ಆದ ಹಾಗೆಯೋ ಎನ್ನುವುದೇ ಪ್ರಶ್ನೆ ಅಂತ ನಾನು ಅರ್ಥ ಮಾಡಿಕೊಂಡೆ. ಜಗತ್ತಿನ ಜೀನ್ ದಾಖಲೆಗಳಲ್ಲಿ ಹೆಚ್ಚಿನವು ಯೂರೋಪು ಮೂಲದವರವು. ನಮ್ಮ ಜನರಲ್ಲಿ ಸಹಜವಾಗಿರುವುದೂ ಅಲ್ಲಿ ಅಪರೂಪವಾಗಿ ಕಾಣಬಹುದಂತೆ. "ಇದೊಂದನ್ನೇ ನಂಬಿ ಆಪರೇಷನ್‌ಗೆ ಹೋಗಬೇಡಿ" ಎಂದಳು.

ಆಮೇಲೆ ಪೆನ್ಸಿಲ್ ಹಿಡಿದು ವಂಶವೃಕ್ಷ ಬರೆಯತೊಡಗಿದಳು. ಹೆಂಗಸರಿಗೆ ವೃತ್ತ, ಕಾಯಿಲೆಯವರದಕ್ಕೆ ಕಪ್ಪು. "ನಿಮ್ಮಮ್ಮನ ಅಕ್ಕತಂಗಿಯರು?" 33 ವರ್ಷ ನುಂಗಿಕೊಂಡಿದ್ದನ್ನು ಅವತ್ತು ಹೇಳಿದೆ. ಮನೆಗೆ ಬಂದು ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆ ಹತ್ತಿದ ಆ ಇನ್‌ಲ್ಯಾಂಡಿನ ಮೇಲೆ 1981ರ ಮುದ್ರೆಯಿತ್ತು. ದೊಡ್ಡಮ್ಮ ಕಾವೇರಿ ಉಕ್ಕಿದ ವರ್ಷ ಹುಟ್ಟಿದವಳೆಂದು ಅಜ್ಜಿ ಹೇಳುತ್ತಿದ್ದರು, ಅಂದರೆ 1924. ವೃತ್ತದ ಕೆಳಗೆ 57 ಎಂದು ಬರೆಸಿದೆ.

ಆಗ ಗಂಡು ನೋಡುತ್ತಿದ್ದ ಆ ಹುಡುಗಿ, ದೊಡ್ಡಮ್ಮನ ಮಗಳು ನಮ್ಮಕ್ಕ, ತನಗೂ 47ಕ್ಕೆ ಬಂದು ವಾಸಿಯಾಗಿದ್ದನ್ನು ಯಾರಿಗೂ ಹೇಳಿರಲಿಲ್ಲ. ಕೇಳಿದ್ದೇ ತಡ, ಮೈಸೂರಿನಿಂದ ಬಸ್ಸು ಹತ್ತಿ ಬಂದು ರಕ್ತ ಕೊಟ್ಟಳು. ಅವಳಲ್ಲಿ ಆ ಬದಲಾವಣೆ ಇರಲಿಲ್ಲ. ಅದೇ ಕಾರಣವಾಗಿದ್ದರೆ ಅವಳಲ್ಲೂ ಇರುವ ಸಂಭವ ಹೆಚ್ಚಿತ್ತು. ಅದೊಂದರಿಂದಲೇ ತೀರ್ಮಾನವಾಗಲಿಲ್ಲ, ತಕ್ಕಡಿ ಒಂಚೂರು ವಾಲಿತು ಅಷ್ಟೆ.

ನಾಲ್ಕು ವರ್ಷದ ಮೇಲೆ ಲ್ಯಾಬಿನಿಂದ ತಿದ್ದಿದ ವರದಿ ಬಂತು: ಬಹುಶಃ ನಿರಪಾಯ. ತಂಗಿಯ ಮಗಳು ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿದಳು. ಕಪ್ಪು ವೃತ್ತಗಳು ನಾಲ್ಕೂ ಹಾಗೇ ಇವೆ; ಅದಕ್ಕೇ ಡಾಕ್ಟರು ಹೇಳಿದಂತೆ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುತ್ತಾಳೆ, ಆ ಹಾಳೆಯನ್ನು ಫೈಲಿನಲ್ಲಿಟ್ಟುಕೊಂಡು.