ಮಧುಗಿರಿಯ ದಾರಿಯಲ್ಲಿ ಬ್ರೇಕಿನ ಮಾತು

ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಾಲೆಯ ಲೆಕ್ಕದಲ್ಲಿ ಮಾತ್ರ ಅವು ಬೇರೆ ಮನೆ ಮಾಡಿಕೊಂಡಿವೆ. ಮಧುಗಿರಿಯದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರು ಒಂದು ಕಡೆ, ಮಧುಗಿರಿ ಇನ್ನೊಂದು ಕಡೆ ಇರುವುದನ್ನು ಕಂಡು ಹೊರ ಊರಿನವರು ಹುಬ್ಬೇರಿಸುವುದುಂಟು. ಈ ಸೀಮೆಯ ಮಕ್ಕಳಿಗೆ ದಶಕಗಳ ಕಾಲ ರೈಲು ಎಂಬುದು ಪಠ್ಯಪುಸ್ತಕದ ಚಿತ್ರವಾಗಿತ್ತು. ಹೈಸ್ಕೂಲಿಗಾಗಲಿ ಕಾಲೇಜಿಗಾಗಲಿ ರಸ್ತೆಯೇ ಗತಿ, ಬಸ್ಸೇ ದೈವ.

ಈಗ ಬಸ್ಸಿನ ಜೊತೆಗೆ ಮನೆಯ ಮುಂದೊಂದು ಕಾರೂ ನಿಂತಿದೆ. ಎಂಜಿನಿಯರಿಂಗ್ ಸೇರಿದ ಮಗ ರಜೆಗೆ ಬಂದವನೇ ಕೀಲಿ ಕೇಳುತ್ತಾನೆ. ಚೆನ್ನೈ ಬಳಿಯ ಇರುಂಗಾಟ್ಟುಕೊಟ್ಟೈಯಲ್ಲೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೋ ಕಾರುಗಳು ಓಡುವುದನ್ನು ಫೋನಿನಲ್ಲಿ ನೋಡಿರುತ್ತಾನೆ. ‘ಅಪ್ಪಾ, ನಮ್ಮ ಕಾರಿಗೂ ರೇಸಿಂಗ್ ಪ್ಯಾಡ್ ಹಾಕಿಸೋಣ’ ಎನ್ನುತ್ತಾನೆ. ಬ್ರೇಕು ತಾನೇ, ಒಳ್ಳೆಯದೇ ಆಯಿತಲ್ಲ ಎಂದು ಅಪ್ಪನೂ ತಲೆಯಾಡಿಸುತ್ತಾರೆ. ಒಳ್ಳೆಯದೇ? ಈ ನಾಲ್ಕು ತಾಲ್ಲೂಕುಗಳನ್ನು ಒಂದು ಸುತ್ತು ಹಾಕಿ ಬಂದರೆ ಉತ್ತರ ದಾರಿಯಲ್ಲೇ ಸಿಗುತ್ತದೆ.

ತುಮಕೂರಿನಿಂದ ದೇವರಾಯನದುರ್ಗ ಹತ್ತಿ ಕೊರಟಗೆರೆಯ ಕಡೆಗೆ ಇಳಿಯುವವರಿಗೆ ಮೊದಲ ಪಾಠ ಅಲ್ಲೇ. ಇಳಿಜಾರು ಬಂದ ಕೂಡಲೇ ಗೇರು ನ್ಯೂಟ್ರಲ್ ಮಾಡುವುದು, ಇನ್ನೂ ಧೈರ್ಯವಂತರಾದರೆ ಎಂಜಿನನ್ನೇ ಆರಿಸುವುದು, ಪೆಟ್ರೋಲು ಉಳಿಯಿತೆಂದು ಹಿಗ್ಗುವುದು ನಮ್ಮಲ್ಲಿ ಹಳೆಯ ಚಾಳಿ. ಬ್ರೇಕಿಗೆ ಬಲ ತುಂಬುವ ಬೂಸ್ಟರ್ ಎಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುವಂಥದ್ದು. ಎಂಜಿನ್ ಆರಿದ ಮೇಲೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಅದರ ಬಲ ಮುಗಿದು ಪೆಡಲು ಕಲ್ಲಾಗುತ್ತದೆ. ಉಳಿತಾಯದ ಮಾತೂ ಸುಳ್ಳು. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನವನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ. ಎರಡನೆಯ ಗೇರಿನಲ್ಲಿ ಇಳಿಯುವ ಕಾರಿಗೆ ಎಂಜಿನ್ನೇ ಅರ್ಧ ಬ್ರೇಕು.

ಬ್ರೇಕ್ ಮಾಡುವ ಕೆಲಸ ಒಂದೇ: ಓಟವನ್ನು ಶಾಖವಾಗಿಸುವುದು. ಒಂದು ಟನ್ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ಪೂರ್ತಿ ನಿಂತರೆ ಹುಟ್ಟುವ ಶಾಖ, ತಣ್ಣೀರನ್ನು ಒಂದು ಲೀಟರಿಗೂ ಹೆಚ್ಚು ಮರಳಿಸುವಷ್ಟು! ಅಷ್ಟನ್ನೂ ಅಂಗೈ ಗಾತ್ರದ ಪ್ಯಾಡುಗಳು, ಡಿಸ್ಕು, ಡ್ರಮ್ಮು ಕೆಲವೇ ಸೆಕೆಂಡುಗಳಲ್ಲಿ ನುಂಗಬೇಕು. ಅದರಲ್ಲಿ ದೊಡ್ಡ ಪಾಲು ಮುಂದಿನ ಚಕ್ರಗಳದು. ನಿಲ್ಲುವಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುತ್ತದಲ್ಲ. ಇಳಿಜಾರಿನುದ್ದಕ್ಕೂ ಪೆಡಲಿನ ಮೇಲೆ ಕಾಲಿಟ್ಟೇ ಬಂದರೆ ಪ್ಯಾಡು ಕಾದು ಹಿಡಿತ ಬಿಡುತ್ತದೆ, ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ.

ಕೊರಟಗೆರೆ ದಾಟಿ ಮಧುಗಿರಿಗೆ ಬಂದರೆ ಊರ ನೆತ್ತಿಯ ಮೇಲೆ ಆ ಮಹಾ ಏಕಶಿಲೆ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳ ಸಾಲಿನಲ್ಲಿ ನಿಲ್ಲುವ ಈ ಬಂಡೆಯ ಮೇಲಿನ ಕೋಟೆಗೆ ವಾಹನ ಹೋಗದು, ಕಾಲ್ನಡಿಗೆಯೇ. ಹತ್ತುವಾಗ ಏದುಸಿರು ಬಿಟ್ಟವರೆಲ್ಲ ಇಳಿಯುವಾಗ ನಿಜವಾದ ಕಷ್ಟ ಕಾಣುತ್ತಾರೆ. ಬರಿಯ ಬಂಡೆಯ ಇಳಿಜಾರಿನಲ್ಲಿ ಹೆಬ್ಬೆರಳು ಷೂಗೆ ಒತ್ತಿ, ಮಂಡಿ ನಡುಗುತ್ತದೆ. ಇಳಿಯುವಾಗ ಮನುಷ್ಯನಿಗೆ ಮಂಡಿಯೇ ಬ್ರೇಕು. ಚಪ್ಪಲಿ ಜಾರಿದರೆ ಮಂಡಿ ಎಷ್ಟು ಗಟ್ಟಿಯಿದ್ದರೇನು? ಕಾರಿನಲ್ಲಿ ಆ ಚಪ್ಪಲಿಯ ಸ್ಥಾನ ಟೈರಿನದು. ಎಷ್ಟು ದುಬಾರಿ ಬ್ರೇಕು ಹಾಕಿಸಿದರೂ ಕೊನೆಗೆ ಕಾರನ್ನು ನಿಲ್ಲಿಸುವುದು ರಸ್ತೆಗೂ ಟೈರಿಗೂ ಇರುವ ಹಿಡಿತ. ಸವೆದ ಟೈರಿಗೆ ರೇಸಿಂಗ್ ಪ್ಯಾಡು ಕಟ್ಟುವುದು ಹರಿದ ಚಪ್ಪಲಿಗೆ ಜರಿ ಹೊಲಿದ ಹಾಗೆ.

ಸುಗ್ಗಿಯಲ್ಲಿ ಈ ದಾರಿಗಳಲ್ಲಿ ಬರಬೇಕು. ಟಾರು ರಸ್ತೆಯೇ ಕಣವಾಗಿರುತ್ತದೆ. ರಾಗಿ ತೆನೆ, ಹುರುಳಿ ಕಟ್ಟು ಹರಡಿ, ಹೋಗಿ ಬರುವ ವಾಹನಗಳಿಂದಲೇ ಪುಕ್ಕಟೆ ಒಕ್ಕಣೆ. ರೈತರ ಕಷ್ಟ ರೈತರಿಗೆ. ಹಾಳಾದ ಕಣ ಮಾಡಿಸಲು ಆಳು ಸಿಗಬೇಕಲ್ಲ. ಆದರೆ ಹುಲ್ಲಿನ ಮೇಲೆ ಬ್ರೇಕು ಒತ್ತಿದರೆ ಕಾರು ಗಾಣದೆಣ್ಣೆಯ ಮೇಲಿಟ್ಟಂತೆ ಜಾರುತ್ತದೆ. ಅದರಾಚೆ ತಿರುವಿನಲ್ಲಿ ಕುರಿಮಂದೆ. ಮುಂದಿನ ಕುರಿ ದಾಟಿದರೆ ಮಂದೆಯೆಲ್ಲ ದಾಟಲೇಬೇಕು, ಹಾರನ್ನಿನ ಭಾಷೆ ಅವಕ್ಕೆ ತಿಳಿಯದು. ಒಣಗಿದ ಒಳ್ಳೆಯ ರಸ್ತೆಯಲ್ಲಿ 40ರ ವೇಗದ ಕಾರು, ಚಾಲಕ ಕಂಡು ಕಾಲಿಡುವ ಒಂದು ಸೆಕೆಂಡೂ ಸೇರಿ, ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. 80ರಲ್ಲಿ ಸುಮಾರು 60 ಮೀಟರು ಬೇಕು. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟು: ಪಿಯುಸಿ ಭೌತಶಾಸ್ತ್ರದ ಈ ಸೂತ್ರವನ್ನು ಪರೀಕ್ಷೆಯಲ್ಲಿ ಸರಿಯಾಗಿ ಬರೆದವರೂ ರಸ್ತೆಯಲ್ಲಿ ಮರೆಯುತ್ತಾರೆ.

ರೇಸಿಂಗ್ ಪ್ಯಾಡಿನ ಮಾತಿಗೆ ಬರೋಣ. ಅದು ಸುಳ್ಳು ಸರಕಲ್ಲ. ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಬ್ರೇಕು ನೂರಾರು ಡಿಗ್ರಿ ಕಾಯುತ್ತದೆ. ಆ ಬೆಂಕಿಯಲ್ಲೂ ಹಿಡಿತ ಬಿಡದಂತೆ ಅದನ್ನು ಮಾಡಿರುತ್ತಾರೆ. ತೊಡಕಿರುವುದು ಇಲ್ಲೇ. ಕಾದರೆ ಮಾತ್ರ ಅದು ಚೆನ್ನಾಗಿ ಹಿಡಿಯುತ್ತದೆ. ಬೆಳಗಿನ ಚಳಿಯಲ್ಲಿ ಮನೆಯಿಂದ ಹೊರಟು ಮೊದಲ ತಿರುವಿನಲ್ಲೇ ಶಾಲೆಯ ಮಗು ಅಡ್ಡ ಬಂದಾಗ ಆ ಪ್ಯಾಡು ಇನ್ನೂ ತಣ್ಣಗಿರುತ್ತದೆ, ಸಾದಾ ಪ್ಯಾಡಿನಷ್ಟೂ ಹಿಡಿಯದಿರಬಹುದು. ಮೇಲಿಂದ ಕಿರುಗುಟ್ಟುತ್ತದೆ, ಡಿಸ್ಕನ್ನು ಬೇಗ ತಿನ್ನುತ್ತದೆ. ದಿನವೂ ಓಡಿಸುವ ಕಾರನ್ನೇ ವರ್ಷಕ್ಕೊಮ್ಮೆ ಟ್ರ್ಯಾಕಿಗೆ ಒಯ್ಯುವವರು ಅದಕ್ಕೇ ಎರಡು ಜೊತೆ ಪ್ಯಾಡು ಇಟ್ಟುಕೊಂಡು ಬದಲಿಸುತ್ತಾರೆ, ಇಲ್ಲವೇ ಎರಡಕ್ಕೂ ನಡುವಿನದನ್ನು ಹುಡುಕುತ್ತಾರೆ. ಮುಂದಕ್ಕೆ ಮಾತ್ರ ದೊಡ್ಡ ಡಿಸ್ಕು ಹಾಕಿಸಿದರೆ ಹಿಂದಿನ ಮುಂದಿನ ತೂಕ ತಪ್ಪುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆ ಒಡ್ಡಿರುವುದನ್ನೂ ಮರೆಯಬಾರದು.

ಎಲ್ಲಕ್ಕಿಂತ ಅಗ್ಗದ ಸುಧಾರಣೆಯೊಂದಿದೆ, ಅದನ್ನು ಕೇಳುವವರೇ ಕಡಿಮೆ. ಅದು ಬ್ರೇಕ್ ಆಯಿಲ್. ಗಾಳಿಯ ತೇವವನ್ನು ಅದು ಸದ್ದಿಲ್ಲದೆ ಕುಡಿಯುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ, ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಏರ್ ತೆಗೆಸುವುದಕ್ಕೆ ತಗಲುವ ಖರ್ಚು ಒಂದು ಜೊತೆ ರೇಸಿಂಗ್ ಪ್ಯಾಡಿನ ಮುಂದೆ ಏನೇನೂ ಅಲ್ಲ.

ಮಧುಗಿರಿಯಿಂದ ಮಿಡಿಗೇಶಿಯ ದುರ್ಗವನ್ನು ನೋಡುತ್ತ ಹೋದರೆ ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು ಹಾಸಿದೆ. 2018ರಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ಫಲಕಗಳ ನಡುವಿನ ಸಪಾಟು ರಸ್ತೆ ಕಂಡರೆ ಎಂಥವನಿಗೂ ಇಲ್ಲೇ ಒಂದು ಕೈ ನೋಡೋಣ ಎನ್ನಿಸೀತು. ಆದರೆ ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ತಪ್ಪಿದರೆ ಜಾರಿ ನಿಲ್ಲಲು ಬಯಲಿರುತ್ತದೆ, ಆಂಬುಲೆನ್ಸು ಕಾದಿರುತ್ತದೆ. ಇಲ್ಲಿ ಎದುರಿಗೆ ಬರುವುದು ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ.

ಪಾವಗಡದವರು ರಸ್ತೆಯ ಮಾತು ಬಂದಾಗ ಪಳವಳ್ಳಿ ಕೆರೆಯ ಹೆಸರು ಹೇಳುತ್ತಾರೆ. 2022ರ ಮಾರ್ಚ್ 19ರ ಬೆಳಿಗ್ಗೆ ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಅಲ್ಲಿ ಉರುಳಿತು. ಬಸ್ಸು ತುಂಬಿ ತುಳುಕುತ್ತಿತ್ತು. ಸತ್ತವರಲ್ಲಿ ಕಾಲೇಜಿಗೆ ಹೊರಟ ವಿದ್ಯಾರ್ಥಿಗಳಿದ್ದರು. ಮನೆಯಿಂದ ಬುತ್ತಿ ಕಟ್ಟಿ ಕಳಿಸಿದ ತಾಯಂದಿರಿಗೆ ಮಧ್ಯಾಹ್ನದೊಳಗೆ ಸುದ್ದಿ ಬಂತು. ಭಾರ ಹೆಚ್ಚಿದಷ್ಟೂ ಬ್ರೇಕಿಗೆ ಕೆಲಸ ಹೆಚ್ಚು, ತೂಕ ಮೇಲಕ್ಕೆ ಏರಿದಷ್ಟೂ ತಿರುವಿನಲ್ಲಿ ವಾಲಾಟ ಹೆಚ್ಚು. ಬಸ್ಸಿಗೆ ಹೊಸ ಲೈನರು ಹಾಕಿಸಿದರೆ ಸಾಲದು, ಅದರ ಹಿಂದೆ ಇನ್ನೊಂದು ಬಸ್ಸೂ ಬರಬೇಕು.

ಶಿರಾ ತಲಪಿದರೆ ದಾರಿಯ ಜಾತಿಯೇ ಬೇರೆ. ಮೊಗಲರ ಕಾಲದಲ್ಲಿ ಸುಬಾದ ರಾಜಧಾನಿಯಾಗಿದ್ದ ಊರು ಇಂದು ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿದೆ. ಇದೇ ತಾಲ್ಲೂಕಿನ ಹೆದ್ದಾರಿಯಲ್ಲಿ 2022ರ ಆಗಸ್ಟ್ 25ರಂದು ರಾಯಚೂರು ಕಡೆಯ ಕೂಲಿಕಾರರಿದ್ದ ಕ್ರೂಸರ್ ಲಾರಿಗೆ ಡಿಕ್ಕಿಯಾಗಿ 9 ಮಂದಿ ಸತ್ತರು. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಒತ್ತಿ ಹಿಡಿದರೂ ಚಕ್ರ ಕಚ್ಚಿಕೊಳ್ಳದೆ, ಸ್ಟಿಯರಿಂಗು ಮಾತು ಕೇಳುವಂತೆ ಅದು ಕಾಯುತ್ತದೆ. ಪೆಡಲು ಕಾಲಡಿಯಲ್ಲಿ ಗಡಗಡ ನಡುಗಿದರೆ ಹೆದರಿ ಕಾಲು ತೆಗೆಯಬಾರದು, ಒತ್ತಿಯೇ ಇರಬೇಕು. ಈ ಒಂದು ಸಂಗತಿಯನ್ನು ಮಗನಿಗೆ ಖಾಲಿ ಮೈದಾನದಲ್ಲಿ ನಿಧಾನವಾಗಿ ಮಾಡಿ ತೋರಿಸಬಹುದು. ಅಪ್ಪಂದಿರೂ ಒಮ್ಮೆ ಮಾಡಿ ನೋಡಿದರೆ ತಪ್ಪೇನಿಲ್ಲ. ಎಷ್ಟೋ ಅಪ್ಪಂದಿರು ಆ ನಡುಕವನ್ನು ಇನ್ನೂ ಕಂಡೇ ಇಲ್ಲ.