ಬೇಕಾಗ್ತು ಎಂದು ಇಟ್ಟದ್ದು

ಅಡಿಕೆ ತೋಟವಿರುವ ಮಲೆನಾಡಿನ ಮನೆಗಳಲ್ಲಿ ಅಂಗಳ ಗುಡಿಸಿ ಸಾರಿಸಿಟ್ಟಿರುತ್ತದೆ. ಹಿತ್ತಿಲ ಕೊಟ್ಟಿಗೆಯ ಬಾಗಿಲು ಮಾತ್ರ ಪೂರ್ತಿ ತೆರೆಯುವುದಿಲ್ಲ. ಒಳಗಿಂದ ಏನಾದರೂ ಅಡ್ಡ ಬಿದ್ದಿರುತ್ತದೆ. ಸಾಗರ ಸೀಮೆಯ ನಮ್ಮ ಮನೆಯದೂ ಹಾಗೇ ಇತ್ತು. ಅದರ ಹೆಸರು ಈಗಲೂ ಸೌದೆ ಕೊಟ್ಟಿಗೆ. ಅಡಿಕೆ ಬೇಯಿಸುವ ಒಲೆಗೆ, ಬಚ್ಚಲ ಹಂಡೆಗೆ ವರ್ಷವಿಡೀ ಬೇಕಾದ ಸೌದೆಯನ್ನು ಮಳೆ ಹಿಡಿಯುವ ಮೊದಲೇ ಅಲ್ಲಿ ಮಾಡಿನ ತನಕ ಪೇರಿಸುತ್ತಿದ್ದರು. ಬಾಗಿಲ ಪಕ್ಕದ ಒಂದು ಗೋಡೆ ಮಾತ್ರ ಹತ್ಯಾರಗಳಿಗೆ. ಅಡುಗೆಗೆ ಗ್ಯಾಸು, ಸ್ನಾನಕ್ಕೆ ಸೋಲಾರ್ ಬಂದ ಮೇಲೆ ಸೌದೆ ಕಡಿಮೆಯಾಯಿತು. ಬಿಟ್ಟುಹೋದ ಜಾಗಕ್ಕೆ ಬೇರೆಲ್ಲವೂ ಬಂದು ಸೇರಿತು. ಈ ಬೇಸಿಗೆಯಲ್ಲಿ ಅಣ್ಣ, ಅತ್ತಿಗೆ, ನಾನು ಕೂಡಿ ಅದನ್ನು ಖಾಲಿ ಮಾಡಿದೆವು.

ಅಪ್ಪಯ್ಯನ ಕಾಲದಲ್ಲಿ ಈ ಕೊಟ್ಟಿಗೆ ಚೊಕ್ಕಟವಾಗಿತ್ತು. ಆಗಿನವರಿಗೆ ಶಿಸ್ತಿತ್ತು, ಈಗಿನವರಿಗಿಲ್ಲ ಎಂದು ಊರಿನ ಹಿರಿಯರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಆಗ ಸಾಮಾನೇ ಇರಲಿಲ್ಲ. ಗುದ್ದಲಿ, ಹಾರೆ, ಪಿಕಾಸಿ, ಕೊಡಲಿ, ಕತ್ತಿ, ಸೊಪ್ಪು ಹೊರುವ ಹೆಡಿಗೆ, ಹಗ್ಗ, ಸುಲಿಯುವ ಕಾಲಕ್ಕೆ ಹೊರಬರುವ ಮೆಟ್ಟುಗತ್ತಿಗಳು. ಲೆಕ್ಕ ಮುಗಿಯಿತು. ಸವೆದ ಗುದ್ದಲಿ ಆಚಾರಿಯ ಕುಲುಮೆಗೆ ಹೋಗಿ ಮೊನೆ ಕಟ್ಟಿಸಿಕೊಂಡು ಬರುತ್ತಿತ್ತು. ಇನ್ನೂ ಸವೆದರೆ ಅದೇ ಕಬ್ಬಿಣ ಇನ್ಯಾವುದೋ ಸಣ್ಣ ಕತ್ತಿಯಾಗುತ್ತಿತ್ತು. ಹರಿದ ಹೆಡಿಗೆ ಒಲೆಗೆ, ಹರಿದ ಕಂಬಳಿ ದನದ ಕೊಟ್ಟಿಗೆಗೆ. ಕೂಡಿಡಲು ಏನೂ ಉಳಿಯುತ್ತಿರಲಿಲ್ಲ. ಬಡತನ ಮಾಡಿಸಿದ್ದನ್ನು ಗುಣವೆಂದು ಹೊಗಳುವ ಅಗತ್ಯವಿಲ್ಲ.

ಹತ್ಯಾರದ ಗೋಡೆಗೆ ಒರಗಿಸಿದ್ದ, ಮರಕ್ಕೆ ಔಷಧಿ ಹೊಡೆಯುವ ಗಟಾರ್ ಪಂಪನ್ನು ಮೊದಲು ಹೊರಗೆ ತಂದೆವು. ಮಲೆನಾಡಿನ ಬದುಕನ್ನು ಇದರಷ್ಟು ಬದಲಿಸಿದ ಸಾಮಾನು ಆ ಕೊಟ್ಟಿಗೆಯಲ್ಲಿ ಇನ್ನೊಂದಿರಲಿಲ್ಲ. ಅದಕ್ಕೂ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಇದ್ದ ಉಪಾಯ ಒಂದೇ: ಮಳೆಗಾಲಕ್ಕೆ ಮೊದಲು ಕೊನೆಗೌಡ ಮರ ಹತ್ತಿ ಒಂದೊಂದು ಕೊನೆಗೂ ಮಳೆ ತಾಗದಂತೆ ಕೊಟ್ಟೆ ಕಟ್ಟಬೇಕು. ಕೊಟ್ಟೆ ಜಾರಿದರೆ, ಮಳೆ ಬಿಡದೆ ಹೊಯ್ದರೆ ಕಾಯೆಲ್ಲ ಬುಡದಲ್ಲಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆಗೆ ಶಿಲೀಂಧ್ರ ಕಾರಣವೆಂದು ತೋರಿಸಿ, 1910ರಲ್ಲಿ ಆ ಬಗ್ಗೆ ಬರಹ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದ ಬೋರ್ಡೋ ದ್ರಾವಣಕ್ಕೆ ರಾಳ, ಸೋಡಾ ಕುದಿಸಿದ ಅಂಟು ಸೇರಿಸಿ ಮಲೆನಾಡಿನ ಮಳೆಗೂ ತೊಳೆದುಹೋಗದಂತೆ ಮಾಡಿದವರೂ ಅವರೇ. ನಮ್ಮ ಸೀಮೆಯಲ್ಲಿ ಈಗಲೂ ಬರೀ ‘ಔಷಧಿ’ ಎಂದರೆ ಅದೇ.

ಔಷಧಿ ಮಾಡುವ ಕೆಲಸವನ್ನು ಅಪ್ಪಯ್ಯ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಒಂದು ಕಿಲೋ ಮೈಲುತುತ್ತ ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೈವತ್ತು ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕಬ್ಬಿಣದ ಪಾತ್ರೆ ಹತ್ತಿರ ಸುಳಿಯಬಾರದು. ಹದ ನೋಡುವುದು ಮಾತ್ರ ಕಬ್ಬಿಣದಿಂದಲೇ: ತಿಕ್ಕಿ ಬೆಳಗಿದ ಕತ್ತಿಯ ತುದಿಯನ್ನು ಸ್ವಲ್ಪ ಹೊತ್ತು ಅದ್ದಿ ಎತ್ತಿ ಬಿಸಿಲಿಗೆ ಹಿಡಿಯುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣ ಹಾಕಿ, ಮತ್ತೆ ಅದ್ದಿ, ಅಲಗು ಬಣ್ಣ ಬದಲಿಸದೆ ಹೊರಬಂದ ಮೇಲೆ ಪಂಪು. ಕೆಳಗೊಬ್ಬ ಹಿಡಿಯನ್ನು ಹಿಂದೆ ಮುಂದೆ ಜಗ್ಗುತ್ತ ಗಾಳಿ ಕಟ್ಟುವುದು, ಮೇಲೆ ಕೊನೆಗೌಡ ಪೈಪು ಹಿಡಿದು ಮರದಿಂದ ಮರಕ್ಕೆ ದಾಟುವುದು. ಮಾಡಿದ ಔಷಧಿ ಅದೇ ದಿನ ಮುಗಿಯಬೇಕು. ನಲವತ್ತು, ನಲವತ್ತೈದು ದಿನಕ್ಕೆ ಇನ್ನೊಂದು ಸಲ.

ಆ ಪಂಪಿನ ಹಿತ್ತಾಳೆಗೆ ಗುಜರಿಯವನು ಒಳ್ಳೆಯ ಬೆಲೆ ಕೊಟ್ಟ. ಕೊಟ್ಟಿಗೆಯಿಂದ ಹೊರಬಿದ್ದದ್ದರಲ್ಲಿ ಅವನು ಖುಷಿಯಿಂದ ಎತ್ತಿಕೊಂಡದ್ದು ಅದೊಂದನ್ನೇ.

ಉಳಿದದ್ದರ ಹಣೆಬರಹ ಬೇರೆ. ಸ್ಪ್ರಿಂಕ್ಲರ್ ಬಂದಾಗಿನ ಕಪ್ಪು ಪೈಪು, ಅದನ್ನು ತೆಗೆದು ಡ್ರಿಪ್ ಹಾಕಿಸಿದಾಗಿನ ಸಣ್ಣ ಪೈಪು, ಅದನ್ನು ಇಲಿ ಕಡಿದ ಮೇಲೆ ಮತ್ತೆ ತಂದ ಇನ್ನೊಂದು ಸುತ್ತು. ಪಿವಿಸಿ ತುಂಡುಗಳು. ಅಡಿಕೆ ಕೊನೆಗೆ ಕಟ್ಟಿ ಬಿಚ್ಚಿದ ಪ್ಲಾಸ್ಟಿಕ್ ಕೊಟ್ಟೆಗಳ ಮೂಟೆ. ಮುಟ್ಟಿದರೆ ಪುಡಿಯಾಗುತ್ತವೆ, ಮಣ್ಣಾಗುವುದಿಲ್ಲ. ಕಳೆ ಕೊಚ್ಚುವ ಯಂತ್ರ ಎರಡು. ಒಂದರ ಕಾರ್ಬೊರೇಟರ್ ಹೋಗಿದೆ, ಬಿಡಿಭಾಗ ಸಿಗುವುದಿಲ್ಲ, ಹೊಸದನ್ನೇ ತಗೊಳ್ಳಿ ಎಂದು ಅಂಗಡಿಯವರು ಹೇಳಿದ ಮೇಲೆ ಬಂದದ್ದು ಎರಡನೆಯದು. ಇವುಗಳಲ್ಲಿ ಯಾವುದನ್ನೂ ಆಚಾರಿಯ ಹತ್ತಿರ ಒಯ್ಯುವಂತಿಲ್ಲ. ಒಯ್ಯಲು ಊರಿನಲ್ಲಿ ಕುಲುಮೆಯೂ ಇಲ್ಲ. ಅಣ್ಣ ಒಂದೊಂದನ್ನು ಎತ್ತಿದಾಗಲೂ ಅದೇ ಮಾತು ಹೇಳುತ್ತಿದ್ದ: “ಅದ್ನ ಬಿಸಾಕಡ, ಬೇಕಾಗ್ತು.” ಅತ್ತಿಗೆ ಅಂಗಳದಲ್ಲಿ ಎರಡು ಗೆರೆ ಎಳೆದಳು. ಕಳೆದ ಬೇಸಿಗೆಯಿಂದ ಈಚೆಗೆ ಕೈ ಮುಟ್ಟಿದ್ದು ಒಂದು ಕಡೆ, ಮುಟ್ಟದ್ದು ಇನ್ನೊಂದು ಕಡೆ. ಎರಡನೆಯ ಗುಡ್ಡೆ ಬೆಳೆದ ರೀತಿ ನೋಡಿ ಅಣ್ಣನೂ ಸುಮ್ಮನಾದ.

ಮೆಟ್ಟುಗತ್ತಿಗಳ ವಿಷಯದಲ್ಲಿ ಮಾತ್ರ ಮೂವರಿಗೂ ಮೂರು ಅಭಿಪ್ರಾಯ. ಮರದ ಮಣೆಗೆ ನೆಟ್ಟಗೆ ಕೂರಿಸಿದ ಅಲಗು, ಮಣೆಯನ್ನು ಕಾಲಿನಲ್ಲಿ ಮೆಟ್ಟಿ ಹಿಡಿದು ಎರಡೂ ಕೈಯಿಂದ ಹಸಿ ಅಡಿಕೆ ಸುಲಿಯುವುದು. ಸುಗ್ಗಿಯಲ್ಲಿ ಊರಿನ ಹೆಂಗಸರು ಸಂಜೆಯ ಮೇಲೆ ಬಂದು ಗ್ಯಾಸ್‌ಲೈಟಿನ ಬೆಳಕಿನಲ್ಲಿ ಸಾಲಾಗಿ ಕೂತು ನಡುರಾತ್ರಿ ದಾಟುವ ತನಕ ಸುಲಿಯುತ್ತಿದ್ದರು. ಕೂಲಿ ಡಬ್ಬದ ಲೆಕ್ಕ. ಆ ರಾತ್ರಿಗಳ ಹಾಡು, ಕಥೆಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ನೆನಪಿರುವುದು ಅವರ ಕೈಗಳು. ಅಡಿಕೆಯ ಚೊಗರಿಗೆ ಬೆರಳೆಲ್ಲ ಕಪ್ಪಾಗಿ, ಹೆಬ್ಬೆರಳಿನಲ್ಲಿ ಒಂದರ ಮೇಲೊಂದು ಗಾಯ, ಅದಕ್ಕೆ ಸುತ್ತಿದ ಹಳೆಸೀರೆಯ ಚಿಂದಿ. ಬೆಳಿಗ್ಗೆ ಎದ್ದು ಅದೇ ಕೈಯಲ್ಲಿ ಅವರ ಮನೆಯ ಅಡುಗೆ. ಡಬ್ಬ ಅಳೆಯುವಾಗ ಗೋಪುರ ಬರುವ ಹಾಗೆ ತುಂಬಿಸಿಕೊಳ್ಳುವ ಮನೆಗಳೂ ಇದ್ದವು. ಈಗ ಯಂತ್ರ ಸುಲಿಯುತ್ತದೆ. ಪಿಕಪ್‌ನಲ್ಲಿ ಯಂತ್ರ ತಂದು ಸುಲಿದುಕೊಟ್ಟು ಹೋಗುವವರೂ ಇದ್ದಾರೆ. ಆ ಹೆಂಗಸರ ಹೆಣ್ಣುಮಕ್ಕಳು ಯಾರೂ ಸುಲಿಯಲು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಕರೆಂಟು ಕೈಕೊಟ್ಟರೆ ಇರಲಿ ಎಂದು ಎರಡು ಮೆಟ್ಟುಗತ್ತಿ ಉಳಿಸಿಕೊಂಡು ಮಿಕ್ಕಿದ್ದನ್ನು ಕಬ್ಬಿಣದ ತೂಕಕ್ಕೆ ಹಾಕಿದೆವು. ಗೋಡೆಗೆ ಅಲಂಕಾರಕ್ಕೆ ತೂಗುಹಾಕೋಣ ಎಂಬ ಸಲಹೆ ಬಂತು, ನಾನು ಬೇಡವೆಂದೆ.

ಕೊನೆಗೌಡನ ಮಣೆಯೂ ಸಿಕ್ಕಿತು. ಮರದ ತುದಿಯಲ್ಲಿ ಕಟ್ಟಿಕೊಂಡು ಕೂರುತ್ತಿದ್ದ ಪುಟ್ಟ ಹಲಗೆ, ಹಗ್ಗ ಮಾತ್ರ ಲಡ್ಡಾಗಿತ್ತು. ಮಳೆಯಲ್ಲಿ ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದು ಸೊಂಟ ಹೋಗಿ ವರ್ಷಗಟ್ಟಲೆ ಮಲಗಿದವರು ನಮ್ಮ ಸುತ್ತಿನ ಹಳ್ಳಿಗಳಲ್ಲಿ ಇದ್ದಾರೆ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಬೆಲೆ ಜಾಸ್ತಿ, ಕುತ್ತಿಗೆ ನೋಯುತ್ತದೆ, ಆದರೂ ಯಾರೂ ಬೀಳುವುದಿಲ್ಲ. ಖಾಲಿಯಾದ ಕೊಟ್ಟಿಗೆಯಲ್ಲಿ ಉದ್ದನೆಯ ಗೋಡೆಯನ್ನು ಪೂರ್ತಿ ಅದಕ್ಕೇ ಬಿಟ್ಟೆವು.

ನಾಗಂದಿಗೆಯ ಮೂಲೆ ಕೊನೆಗೆ ಉಳಿಯಿತು. ಅಲ್ಲಿದ್ದದ್ದು ಡಬ್ಬಿ, ಬಾಟ್ಲಿ, ಪೊಟ್ಟಣಗಳು. ಒಂದು ಹಾರ್ಲಿಕ್ಸ್ ಬಾಟ್ಲಿಯಲ್ಲಿ ಬೂದುಬಣ್ಣದ ಪುಡಿ, ಚೀಟಿಯಿಲ್ಲ. ಮುಚ್ಚಳ ಬಿಗಿಯಾಗಿದ್ದರೂ ಮುಗ್ಗಲು ವಾಸನೆ ಹೊರಗೆ ಬರುತ್ತಿತ್ತು. ಅಣ್ಣ ಅದರಿಂದಲೇ ಗುರುತು ಹಿಡಿದ. ಬಿಎಚ್‌ಸಿ, ಊರಿನವರ ಬಾಯಲ್ಲಿ ಗ್ಯಾಮಾಕ್ಸಿನ್. ಗೆದ್ದಲಿಗೆ, ಇರುವೆಗೆ, ನಾಯಿಯ ಉಣ್ಣೆಗೆ, ಎಲ್ಲದಕ್ಕೂ ಬರಿಗೈಯಲ್ಲಿ ಎರಚುತ್ತಿದ್ದರು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ, ಉಣ್ಣೆಯಿಂದಲೇ ಹರಡುವ ಮಂಗನ ಕಾಯಿಲೆಯ ಹೆದರಿಕೆ ನಮ್ಮ ಕಡೆ ಸದಾ ಇದ್ದದ್ದು. ಮಂಗ ಸತ್ತು ಬಿದ್ದ ಜಾಗದ ಸುತ್ತ ಕೀಟನಾಶಕದ ಪುಡಿ ಎರಚುವುದು ಸರ್ಕಾರದ್ದೇ ಕ್ರಮ. ಪುಡಿ ಎಂದರೆ ರಕ್ಷಣೆ ಎಂದು ಜನ ನಂಬಿದ್ದರಲ್ಲಿ ತಪ್ಪೇನಿಲ್ಲ. ಬಿಎಚ್‌ಸಿ 1997ರಲ್ಲಿ ನಿಷೇಧವಾಯಿತು. ಅದರ ಪಕ್ಕದಲ್ಲಿ ಅರ್ಧ ಉಳಿದ ಎಂಡೋಸಲ್ಫಾನ್ ಡಬ್ಬಿ; ಕಾಸರಗೋಡು, ಕೊಕ್ಕಡದ ಗೇರುತೋಟಗಳ ಸುತ್ತಿನ ಮಕ್ಕಳ ಸ್ಥಿತಿಯನ್ನು ದೇಶವೇ ನೋಡಿದ ಮೇಲೆ, 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಬೇರುಹುಳಕ್ಕೆ ಮರದ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳು ಒಂದು ಪ್ಯಾಕೆಟ್. ಅದರ ಬಳಕೆ ನಿಂತದ್ದು 2020ರ ಕೊನೆಗೆ. ಇವುಗಳ ಮುಂದೆ ಎಲೆಚುಕ್ಕೆ ರೋಗ ಬಂದಾಗಿನಿಂದ ತಂದ ಹೊಸ ಶಿಲೀಂಧ್ರನಾಶಕಗಳ ಸಾಲು, ಒಂದೊಂದರಲ್ಲೂ ತಳದಲ್ಲಿ ಸ್ವಲ್ಪ ಸ್ವಲ್ಪ.

ನನ್ನನ್ನು ಕಾಡಿದ್ದು ಈ ಮೂಲೆಯೇ. ಅಪ್ಪಯ್ಯನ ಕಾಲದ ಕಬ್ಬಿಣ ಸವೆದುಹೋಯಿತು, ಮರ ಗೆದ್ದಲಿಗೆ ಹೋಯಿತು, ಹಿತ್ತಾಳೆ ಗುಜರಿಗೆ ಹೋಯಿತು. ಆ ಕಾಲದಿಂದ ಕೆಡದೆ ಉಳಿದದ್ದು ವಿಷ ಮಾತ್ರ. ಕೊಟ್ಟಿಗೆಯ ಕೆಳಗೇ ತೋಟದ ಬಸಿಗಾಲುವೆ, ಅದು ಸೇರುವುದು ಹಳ್ಳಕ್ಕೆ, ಹಳ್ಳದ ಕೆಳಗಿನ ಮನೆಗಳು ಕುಡಿಯುವುದು ಅದೇ ನೀರು. ಚೆಲ್ಲುವ ಹಾಗಿಲ್ಲ. ಸುಟ್ಟರೆ ಹೊಗೆಯೂ ವಿಷ. ಹೂಳೋಣವೆಂದರೆ ಬಿಎಚ್‌ಸಿಯಂಥದ್ದು ಮಣ್ಣಿನಲ್ಲಿ ವರ್ಷಾನುಗಟ್ಟಲೆ ಉಳಿಯುತ್ತದೆ. ಮಾರಿದ ಅಂಗಡಿಯಲ್ಲಿ ಕೇಳಿದೆವು. ವಾಪಸ್ ತೆಗೆದುಕೊಳ್ಳುವ ಪದ್ಧತಿಯಿಲ್ಲ ಎಂದರು. ಕಚೇರಿಯೊಂದರಲ್ಲಿ ಇನ್ನೊಂದು ಕಚೇರಿಯ ಹೆಸರು ಹೇಳಿದರು, ಅಲ್ಲಿಯವರು ಮೊದಲಿನದರ ಹೆಸರು ಹೇಳಿದರು. ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯಕ್ಕೆ ದಾಬಸ್‌ಪೇಟೆಯಲ್ಲಿ ಜಾಗವಿದೆ. ಸಾಗರದ ಒಂದು ಹಾರ್ಲಿಕ್ಸ್ ಬಾಟ್ಲಿ ಅಲ್ಲಿಗೆ ಹೋಗುವ ದಾರಿಯನ್ನು ಯಾರೂ ಮಾಡಿಟ್ಟಿಲ್ಲ.

ಜೋಡಿಸುವ ಕೆಲಸ ಕಷ್ಟವಾಗಲಿಲ್ಲ. ನೆಲದ ಮೇಲೆ ಏನೂ ಇಡುವುದಿಲ್ಲ ಎಂದು ಮೊದಲೇ ತೀರ್ಮಾನ. ಗೆದ್ದಲು, ಇಲಿ, ಇಲಿಯ ಹಿಂದೆ ಬರುವ ಹಾವು ಮೂರಕ್ಕೂ ಅದೇ ಉತ್ತರ. ಅಲಗುಗಳಿಗೆ ಸುಟ್ಟ ಎಂಜಿನ್ ಆಯಿಲ್ ಸವರಿ ಗೂಟಕ್ಕೆ ಸಿಕ್ಕಿಸಿದೆವು. ಸುಣ್ಣ ಮಾಡಿನ ಸೋರಿಕೆ ತಲುಪದ ಕಡೆ, ಏಕೆಂದರೆ ಸುಡುಸುಣ್ಣಕ್ಕೆ ನೀರು ಬಿದ್ದರೆ ಚೀಲ ಕಾದು ಬೆಂಕಿ ಹಿಡಿಯಬಹುದು. ಮೈಲುತುತ್ತ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಪೆಟ್ರೋಲು ಇವೆಲ್ಲದರಿಂದ ದೂರ. ಬಳಕೆಯಲ್ಲಿರುವ ಔಷಧಿಗಳನ್ನು ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ ವಿಂಗಡಿಸಿ, ಕೆಂಪು ಮತ್ತು ಹಳದಿಯನ್ನು ಬೀಗದ ಪೆಟ್ಟಿಗೆಗೆ ಹಾಕಿದೆವು. ಯಾವುದನ್ನೂ ಬೇರೆ ಬಾಟ್ಲಿಗೆ ಬಗ್ಗಿಸುವುದಿಲ್ಲ ಎಂದು ಅತ್ತಿಗೆ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದಳು.

ನಿಷೇಧವಾದದ್ದೆಲ್ಲ ಒಂದು ಡ್ರಮ್ಮಿನಲ್ಲಿ, ಡಬ್ಬಿಗಳ ನಡುವೆ ಒಣಮರಳು ತುಂಬಿಸಿ, ಮುಚ್ಚಳ ಬಿಗಿದು, ಒಳಗೇನಿದೆ ಎಂಬ ಪಟ್ಟಿ ಅಂಟಿಸಿ ಎತ್ತರದಲ್ಲಿ ಇಟ್ಟಿದ್ದೇವೆ. ಇಂಥ ಮೂಲೆ ಇಲ್ಲದ ಮನೆ ನಮ್ಮ ಊರಿನಲ್ಲಿ ನಾನು ನೋಡಿಲ್ಲ. ಗೊಬ್ಬರ, ಔಷಧಿ ಮಾರುವ ಅಡಿಕೆ ಸೊಸೈಟಿಗಳು ಮಲೆನಾಡಿನ ಪೇಟೆಗಳಲ್ಲೆಲ್ಲ ಇವೆ. ವರ್ಷಕ್ಕೊಂದು ದಿನ ಗೊತ್ತುಮಾಡಿ, ಸದಸ್ಯರ ಮನೆಯ ಹಳೆಯ ವಿಷವನ್ನು ತೂಕ ಮಾಡಿ ತೆಗೆದುಕೊಂಡು ಒಟ್ಟಾಗಿ ಸಾಗಿಸುವುದು ಅವುಗಳ ಕೈಯಲ್ಲಿ ಆಗದ ಕೆಲಸವಲ್ಲ. ಖರ್ಚನ್ನು ತಯಾರಿಸಿದ ಕಂಪನಿಗಳು ಕೊಡಬೇಕು. ನಮ್ಮ ಸೊಸೈಟಿಯ ಮುಂದಿನ ಸರ್ವಸಾಧಾರಣ ಸಭೆಗೆ ಈ ವಿಷಯ ಇಡಬೇಕೆಂದು ಅಣ್ಣ ಅರ್ಜಿ ಬರೆದಿದ್ದಾನೆ. ಡ್ರಮ್ಮಿನ ಮೇಲಿನ ಪಟ್ಟಿಯ ಪ್ರತಿಯನ್ನೂ ಅದರ ಜೊತೆ ಲಗತ್ತಿಸಿದ್ದೇವೆ.